ತೊಟ್ಟಿಲ ಕೂಸಿನ ತುರಿಕೆ: ಜೇವರ್ಗಿಯಿಂದ ತಜ್ಞರವರೆಗಿನ ದಾರಿ



ಈ ಸಲದ ಮಾತಿಗೆ ನಾನು ಆರಿಸಿಕೊಂಡ ವಿಷಯ ನಿಮ್ಮ ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲೂ ನೇರವಾಗಿ ಬರುವುದಿಲ್ಲ. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಪೌರನೀತಿ ಮೂರೂ ಅದರಲ್ಲಿ ಬೆರೆತಿವೆ. ವಿಷಯ ಇಷ್ಟೆ: ನಾಲ್ಕೈದು ತಿಂಗಳ ಒಂದು ಕೂಸಿಗೆ ಮೈತುಂಬಾ ಕೆಂಪು ಗಂದೆ, ತಾಳಲಾರದ ತುರಿಕೆ. ಹಾಲೋ ಮೊಟ್ಟೆಯೋ ಬಾಯಿಗೆ ತಾಗಿದರೆ ಮುಖ ಊದಿಕೊಳ್ಳುತ್ತದೆ. ಊರು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಆ ಕೂಸಿಗೆ ಸರಿಯಾದ ತಜ್ಞರ ನೆರವು ಸಿಗುವುದು ಹೇಗೆ?

"ಇದರಲ್ಲಿ ನಮ್ಮ ಕೆಲಸವೇನು, ಅದು ದೊಡ್ಡವರ ಕೆಲಸ" ಎಂದು ನೀವು ಕೇಳಬಹುದು. ಆರೋಗ್ಯದ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ನನ್ನಂಥ ನಿರ್ಮಾಪಕರಿಗೆ ಕಂಡ ಒಂದು ಸಂಗತಿ ಹೇಳುತ್ತೇನೆ. ಅನೇಕ ಮನೆಗಳಲ್ಲಿ ಔಷಧದ ಚೀಟಿ ಓದುವವರು, ಮುಲಾಮಿನ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದುವವರು, ಮೊಬೈಲಿನಲ್ಲಿ ವಿಳಾಸ ಹುಡುಕುವವರು ನೀವೇ. ಅಕ್ಕ ಬಾಣಂತನಕ್ಕೆ ತವರಿಗೆ ಬಂದಾಗ, ಕೂಸನ್ನು ದವಾಖಾನೆಗೆ ಕರೆದೊಯ್ಯುವಾಗ ಜೊತೆಗೆ ಹೊರಡುವವರೂ ನೀವೇ. ಹೀಗಾಗಿ ಈ ಮಾತು ನಿಮ್ಮೊಂದಿಗೆ.

ಚರ್ಮವೆಂಬ ಗೋಡೆ

ಮೊದಲು ರೋಗದ ಸ್ವರೂಪ ತಿಳಿಯೋಣ. ವೈದ್ಯರು ಇದನ್ನು ಎಕ್ಸಿಮಾ ಎನ್ನುತ್ತಾರೆ. ಅಲರ್ಜಿಯ ಪ್ರವೃತ್ತಿಯೊಂದಿಗೆ ಬರುವ ಎಕ್ಸಿಮಾಕ್ಕೆ ಅಟೋಪಿಕ್ ಡರ್ಮಟೈಟಿಸ್ ಎಂಬ ಹೆಸರಿದೆ. ಈ ಹೆಸರನ್ನು ಅಮೆರಿಕದ ವೈಸ್ ಮತ್ತು ಸುಲ್ಜ್‌ಬರ್ಗರ್ ಎಂಬ ವೈದ್ಯರು 1933ರಲ್ಲಿ ಬಳಕೆಗೆ ತಂದರು. ನಮ್ಮ ಕಡೆ ಇದಕ್ಕೆ ಇಸಬು ಎನ್ನುತ್ತಾರೆ. ಆದರೆ ಇಸಬು ಎಂಬ ಒಂದೇ ಮಾತಿನಲ್ಲಿ ಹಲವು ಬೇರೆ ಬೇರೆ ರೋಗಗಳು ಅಡಗಿಕೊಳ್ಳುತ್ತವೆ. ಆ ಮಾತಿಗೆ ಮುಂದೆ ಬರುತ್ತೇನೆ.

ನಮ್ಮ ಜಿಲ್ಲೆಯ ಶಹಾಬಾದ್ ಕಲ್ಲಿನ ಗೋಡೆಯನ್ನು ನೀವೆಲ್ಲ ನೋಡಿದ್ದೀರಿ. ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆ. ಗಾರೆ ಗಟ್ಟಿಯಾಗಿದ್ದರೆ ಮಳೆಯ ನೀರು ಒಳಗೆ ಇಳಿಯದು, ಇರುವೆ ನುಸುಳದು. ನಮ್ಮ ಚರ್ಮದ ಹೊರಪದರವೂ ಇಂಥದೇ. ಸತ್ತ ಚಪ್ಪಟೆ ಕೋಶಗಳು ಕಲ್ಲು, ಅವುಗಳ ನಡುವಿನ ಕೊಬ್ಬಿನ ಪದಾರ್ಥಗಳು ಗಾರೆ. ಎಕ್ಸಿಮಾ ಇರುವ ಕೂಸಿನಲ್ಲಿ ಈ ಗಾರೆ ಉದುರಿದೆ, ಕಲ್ಲೂ ಸಡಿಲವಾಗಿದೆ. ಒಳಗಿನ ತೇವ ಹೊರಗೆ ಆರಿಹೋಗುತ್ತದೆ. ಹೊರಗಿನ ಧೂಳು, ಸೋಪು, ರೋಗಾಣು ಒಳಗೆ ಬರುತ್ತವೆ. ಕೂಸಿನ ಚರ್ಮ ದೊಡ್ಡವರ ಚರ್ಮಕ್ಕಿಂತ ಮೊದಲೇ ತೆಳುವಾಗಿರುತ್ತದೆ. ಹೀಗಾಗಿ ಅಲ್ಲಿ ಹಾನಿ ಬೇಗ.

ಗೋಡೆ ಸಡಿಲವಾಗುವುದು ಏಕೆ? 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಮೆಕ್‌ಲೀನ್ ಮತ್ತು ಐರ್ಲೆಂಡಿನ ಅರ್ವಿನ್ ಮೊದಲಾದ ಸಂಶೋಧಕರು ಒಂದು ಮುಖ್ಯ ಉತ್ತರ ಕಂಡುಕೊಂಡರು. ಚರ್ಮದ ಕೋಶಗಳನ್ನು ಬಿಗಿಯಾಗಿ ಹೊಂದಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಎಕ್ಸಿಮಾ ಬರುವ ಸಂಭವ ಬಹಳ ಹೆಚ್ಚುತ್ತದೆ. ಎಲ್ಲ ರೋಗಿಗಳಲ್ಲೂ ಈ ದೋಷ ಇರುವುದಿಲ್ಲ. ಆದರೆ ರೋಗದ ಬೇರು ರಕ್ತದಲ್ಲಿ ಮಾತ್ರವಲ್ಲ, ಚರ್ಮದ ಗೋಡೆಯಲ್ಲೂ ಇದೆ ಎಂಬುದು ಆಗ ಗಟ್ಟಿಯಾಯಿತು.

ಈ ಮಾತಿಗೆ ಮನೆಯಲ್ಲಿ ದೊಡ್ಡ ಅರ್ಥವಿದೆ. ಕೂಸಿಗೆ ಗಂದೆ ಎದ್ದೊಡನೆ ಬಾಣಂತಿಯ ಮೇಲೆ ಆರೋಪ ಬರುತ್ತದೆ: "ಬದನೆಕಾಯಿ ತಿಂದಳು, ನಂಜಾಯಿತು." ಆಮೇಲೆ ಅವಳ ತಟ್ಟೆಯಿಂದ ಬದನೆ ಹೋಯಿತು, ಬೇಳೆ ಹೋಯಿತು, ಶೇಂಗಾ ಹೋಯಿತು, ಹಾಲು ಹೋಯಿತು. ಕೊನೆಗೆ ರೊಟ್ಟಿ ಮತ್ತು ಬೆಳ್ಳುಳ್ಳಿ ಖಾರ ಉಳಿಯಿತು. ಕೂಸಿನ ತುರಿಕೆ ಮಾತ್ರ ಹಾಗೆಯೇ ಉಳಿಯಿತು. ಎದೆಹಾಲು ಕುಡಿಸುವ ತಾಯಿಯನ್ನು ಹೀಗೆ ಅರೆಹೊಟ್ಟೆ ಕೆಡವುವುದು ಇಬ್ಬರಿಗೂ ಕೇಡು. ಹುಟ್ಟಿನಿಂದ ಬಂದ ಚರ್ಮದ ಗುಣಕ್ಕೆ ತಾಯಿ ತಪ್ಪಿತಸ್ಥಳಲ್ಲ.

ಅಲರ್ಜಿ ಎಂದರೇನು?

ಅಲರ್ಜಿ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಸೃಷ್ಟಿಸಿದರು. ದೇಹದ ಕಾವಲು ಪಡೆ ನಿರಪಾಯದ ವಸ್ತುವನ್ನು ಶತ್ರುವೆಂದು ಭಾವಿಸಿ ಎರಗುವುದೇ ಅಲರ್ಜಿ. ಈ ಎರಗಾಟದಲ್ಲಿ ಮುಖ್ಯ ಪಾತ್ರ ವಹಿಸುವ ಐಜಿಇ ಎಂಬ ಪ್ರತಿಕಾಯವನ್ನು 1960ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿದ್ದ ಜಪಾನಿ ದಂಪತಿ ಇಶಿಜಾಕಾ ಅವರೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಚ್ ಅವರೂ ಬೇರೆ ಬೇರೆಯಾಗಿ ಗುರುತಿಸಿದರು.

ಎಕ್ಸಿಮಾ ಮತ್ತು ಆಹಾರದ ಅಲರ್ಜಿ ಒಂದೇ ಅಲ್ಲ, ಆದರೆ ನೆಂಟರು. ತೀವ್ರ ಎಕ್ಸಿಮಾ ಇರುವ ಎಳೆಯ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆಹಾರದ ಅಲರ್ಜಿಯೂ ಇರಬಹುದು ಎಂದು ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳ ಅಧ್ಯಯನಗಳು ಹೇಳಿವೆ. ಮೊದಲು ಅಲರ್ಜಿ, ಅದರಿಂದ ಎಕ್ಸಿಮಾ ಎಂದು ಜನ ತಿಳಿಯುತ್ತಾರೆ. ಬಹಳ ಸಲ ಕ್ರಮ ತಿರುಗುಮುರುಗು. ಒಡೆದ ಚರ್ಮದ ಮೂಲಕ ಆಹಾರದ ಕಣಗಳು ಒಳಹೊಕ್ಕು ಕಾವಲು ಪಡೆಯನ್ನು ಕೆರಳಿಸುತ್ತವೆ. ಅದೇ ಆಹಾರ ಸರಿಯಾದ ವಯಸ್ಸಿನಲ್ಲಿ ಬಾಯಿಯ ಮೂಲಕ ಹೋದರೆ ದೇಹ ಅದನ್ನು ಸ್ನೇಹಿತನೆಂದು ಒಪ್ಪಿಕೊಳ್ಳುವ ಸಂಭವ ಹೆಚ್ಚು.

ಇದನ್ನು ತೋರಿಸಿಕೊಟ್ಟದ್ದು ನಮ್ಮ ಶೇಂಗಾ! ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2015ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ ವಯಸ್ಸಿನ 640 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶೇಂಗಾದ ತಿನಿಸು ಕ್ರಮವಾಗಿ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ತಪ್ಪಿಸಿದರು. ಐದು ವರ್ಷ ತುಂಬುವಾಗ ತಪ್ಪಿಸಿದವರಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಶೇಂಗಾ ಅಲರ್ಜಿ ಇತ್ತು, ತಿಂದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಮಾತ್ರ. ಹೆದರಿ ದೂರ ಇಡುವುದೇ ಹೆದರಿಕೆಯನ್ನು ನಿಜ ಮಾಡಬಹುದು ಎಂಬುದು ಇದರ ಪಾಠ. ಆದರೆ ಎಚ್ಚರಿಕೆ: ಈಗಾಗಲೇ ಶೇಂಗಾಕ್ಕೆ ಬಲವಾದ ಪ್ರತಿಕ್ರಿಯೆ ತೋರಿದ ಮಕ್ಕಳನ್ನು ಪ್ರಯೋಗಕ್ಕೆ ಸೇರಿಸಿರಲಿಲ್ಲ. ಆದ್ದರಿಂದ ಕೂಸಿಗೆ ತೀವ್ರ ಎಕ್ಸಿಮಾ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇಡೀ ಶೇಂಗಾ ಕಾಳನ್ನಂತೂ ಕೂಸಿನ ಬಾಯಿಗೆ ಎಂದೂ ಹಾಕಬಾರದು, ಅದು ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಇನ್ನು ಪರೀಕ್ಷೆಗಳ ಮಾತು. ಈಚೆಗೆ ಒಂದೇ ಸಲ ನೂರಾರು ಆಹಾರಗಳಿಗೆ ರಕ್ತ ಪರೀಕ್ಷೆ ಮಾಡುತ್ತೇವೆಂದು ಪ್ರಯೋಗಶಾಲೆಗಳು ಹೇಳುತ್ತವೆ. ಸಾವಿರಾರು ರೂಪಾಯಿ ಕಟ್ಟಿದ ಮೇಲೆ ಉದ್ದನೆಯ ಪಟ್ಟಿ ಬರುತ್ತದೆ, ಅದರಲ್ಲಿ ಅರ್ಧಕ್ಕೆ ಕೆಂಪು ಗುರುತು. ಇಲ್ಲಿ ಕರ್ನಾಟಕದ್ದೇ ಒಂದು ಅಧ್ಯಯನ ನಮಗೆ ದಾರಿದೀಪ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು ಬೆಂಗಳೂರು, ಮೈಸೂರುಗಳ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನೂರಕ್ಕೆ ಸುಮಾರು 26 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಕಂಡಿತು. ಆದರೆ ಆಹಾರ ಅಲರ್ಜಿ ಇರುವ ಸಂಭವ ಕಂಡದ್ದು ನೂರಕ್ಕೆ 1.2 ಜನರಲ್ಲಿ ಮಾತ್ರ. ಅಂದರೆ ರಕ್ತದಲ್ಲಿ ಐಜಿಇ ಇರುವುದು ಬೇರೆ, ತಿಂದಾಗ ತೊಂದರೆ ಆಗುವುದು ಬೇರೆ. ಪಟ್ಟಿ ನೋಡಿ ಕೂಸಿನ ಊಟ ಕಿತ್ತುಕೊಂಡರೆ ಉಳಿಯುವುದು ಅಪೌಷ್ಟಿಕತೆ. ತಜ್ಞರು ಮೊದಲು ಕೇಳುವುದು ಕಥೆಯನ್ನು: ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಮತ್ತೆ ತಿಂದಾಗ ಮತ್ತೆ ಆಯಿತೇ? ಆ ಕಥೆಗೆ ಹೊಂದುವ ಪರೀಕ್ಷೆಯನ್ನು ಮಾತ್ರ ಅವರು ಬರೆಯುತ್ತಾರೆ. ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ ಕಣ್ಣೆದುರೇ ಚೂರುಚೂರು ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಮಾಡಿ ನೋಡಬಾರದು.

ಆಕಳ ಹಾಲಿಗೆ ಅಲರ್ಜಿ ಎಂದಾಗ ಆಡಿನ ಹಾಲು ಕೊಡುವ ವಾಡಿಕೆ ನಮ್ಮಲ್ಲಿದೆ. ಈ ಹಾಲುಗಳ ಪ್ರೋಟೀನುಗಳು ಒಂದನ್ನೊಂದು ಹೋಲುತ್ತವೆ. ಆಕಳ ಹಾಲು ಒಗ್ಗದ ಬಹುತೇಕ ಮಕ್ಕಳಿಗೆ ಆಡಿನ ಹಾಲೂ ಒಗ್ಗುವುದಿಲ್ಲ.

ಕೆಂಪಾದದ್ದೆಲ್ಲ ಎಕ್ಸಿಮಾ ಅಲ್ಲ

ತಜ್ಞರು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೂರು ಉದಾಹರಣೆ ಕೊಡುತ್ತೇನೆ.

ಒಂದು, ತುರಿಕಜ್ಜಿ. ಇದು ಚರ್ಮದೊಳಗೆ ಬಿಲ ತೋಡುವ ಸೂಕ್ಷ್ಮ ಹುಳದಿಂದ ಬರುತ್ತದೆ. ರಾತ್ರಿ ತುರಿಕೆ ಜೋರು. ಕೂಸಿನ ಅಂಗೈ, ಅಂಗಾಲಿನಲ್ಲೂ ಗುಳ್ಳೆ. ಮನೆಯ ಉಳಿದವರೂ ಕೆರೆದುಕೊಳ್ಳುತ್ತಿರುತ್ತಾರೆ. ಇದಕ್ಕೆ ಮನೆಯವರೆಲ್ಲ ಒಂದೇ ಸಲ ಔಷಧ ಹಚ್ಚಿಕೊಳ್ಳಬೇಕು. ಎಕ್ಸಿಮಾ ಮುಲಾಮು ಹಚ್ಚಿದರೆ ರೋಗ ಮುಸುಕು ಹಾಕಿಕೊಂಡು ಬೆಳೆಯುತ್ತದೆ.

ಎರಡು, ಸತುವಿನ ಕೊರತೆ. ಬಾಯಿಯ ಸುತ್ತ, ಕುಂಡೆಯ ಸುತ್ತ, ಕೈಕಾಲು ತುದಿಗಳಲ್ಲಿ ಹುಣ್ಣು, ಜೊತೆಗೆ ಭೇದಿ, ಕೂದಲು ಉದುರುವುದು. ಹುಟ್ಟಿನಿಂದಲೇ ಸತುವನ್ನು ಹೀರಿಕೊಳ್ಳಲಾರದ ಮಕ್ಕಳಲ್ಲಿ ಇದು ಬಹಳ ಸಲ ಎದೆಹಾಲು ಬಿಡಿಸಿದ ಮೇಲೆ ಕಾಣುತ್ತದೆ. ಒಂದು ಕಾಲಕ್ಕೆ ಇದು ಪ್ರಾಣಾಂತಕ ರೋಗವಾಗಿತ್ತು. ಕಾರಣ ಸತುವಿನ ಕೊರತೆ ಎಂದು ಇಂಗ್ಲೆಂಡಿನ ಮೊಯ್ನಹಾನ್ ಮತ್ತು ಬಾರ್ನ್ಸ್ 1973ರಲ್ಲಿ ತೋರಿಸಿದರು. ಇಂದು ಅಗ್ಗದ ಸತುವಿನ ಔಷಧದಿಂದ ಕೂಸು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಗುರುತಿಸುವ ಕಣ್ಣು ಬೇಕು, ಅಷ್ಟೆ.

ಮೂರು, ರೋಗನಿರೋಧಕ ಶಕ್ತಿಯ ಹುಟ್ಟುದೋಷಗಳು. ಎಕ್ಸಿಮಾದ ಜೊತೆಗೆ ಪದೇ ಪದೇ ಕಿವಿ ಸೋರುವುದು, ನ್ಯುಮೋನಿಯಾ, ಮೈಮೇಲೆ ರಕ್ತದ ಚುಕ್ಕೆ, ತೂಕ ಏರದಿರುವುದು ಇದ್ದರೆ ವೈದ್ಯರು ಈ ದಿಕ್ಕಿನಲ್ಲಿ ಯೋಚಿಸುತ್ತಾರೆ. ಇವು ಅಪರೂಪ. ಆದರೆ ಅವುಗಳಿಗೆ ದೊಡ್ಡ ಆಸ್ಪತ್ರೆಯೇ ಬೇಕು.

ಮುಲಾಮಿನ ಭಯ, ಮುಲಾಮಿನ ದುರುಪಯೋಗ

1952ರಲ್ಲಿ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಮುಲಾಮು ಎಕ್ಸಿಮಾವನ್ನು ತಣಿಸುತ್ತದೆ ಎಂದು ವರದಿ ಮಾಡಿದರು. ಇಂದಿಗೂ ಎಕ್ಸಿಮಾದ ಮುಖ್ಯ ಔಷಧ ಇದೇ ಬಗೆಯದು. ಆದರೆ ಸ್ಟಿರಾಯ್ಡ್ ಮುಲಾಮುಗಳಲ್ಲಿ ಮೆಲ್ಲನೆಯವು, ಮಧ್ಯಮ, ಬಹು ಪ್ರಬಲ ಎಂಬ ಮೆಟ್ಟಿಲುಗಳಿವೆ. ಹೈಡ್ರೊಕಾರ್ಟಿಸೋನ್ ಕೆಳಗಿನ ಮೆಟ್ಟಿಲು, ಕ್ಲೋಬೆಟಾಸೋಲ್ ಮೇಲಿನ ಮೆಟ್ಟಿಲು. ಕೂಸಿನ ಕೆನ್ನೆಗೆ ಮೇಲಿನ ಮೆಟ್ಟಿಲಿನದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಹಾಳೆಯಂತೆ ತೆಳುವಾಗುತ್ತದೆ, ಔಷಧ ರಕ್ತಕ್ಕೂ ಇಳಿಯಬಹುದು.

ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿದರೆ ಸಿಗುವುದು ಹಲವು ಸಲ ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರೂ ಕಲಸಿದ ಮುಲಾಮು. ಚರ್ಮವೈದ್ಯರ ಒತ್ತಾಯದ ಮೇಲೆ ಕೇಂದ್ರ ಸರಕಾರ 2018ರ ಮಾರ್ಚಿನಲ್ಲಿ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಟ್ಯೂಬನ್ನು ಕೈಗೆ ತೆಗೆದುಕೊಂಡು ಹೆಸರು ಓದಿ. ಕೊನೆಯಲ್ಲಿ "ಸೋನ್" ಅಥವಾ "ಸೋಲ್" ಎಂದು ಬಂದರೆ ಅದು ಸ್ಟಿರಾಯ್ಡ್ ಇರಬಹುದು, ವೈದ್ಯರನ್ನು ಕೇಳಿ.

ಇನ್ನೊಂದು ಬದಿಯ ತಪ್ಪೂ ಇದೆ. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ, ತಜ್ಞರು ಬರೆದುಕೊಟ್ಟದ್ದನ್ನೂ ಸಾಸಿವೆ ಕಾಳಿನಷ್ಟು ಹಚ್ಚಿ ಎರಡೇ ದಿನಕ್ಕೆ ನಿಲ್ಲಿಸುವುದು. ಅಳತೆಗೆ ಒಂದು ಸುಲಭ ಉಪಾಯವನ್ನು ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೇ 1991ರಲ್ಲಿ ವಿವರಿಸಿದರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಅದು ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕು. ಯಾವ ಮುಲಾಮು, ಎಷ್ಟು ದಿನ, ಮುಖಕ್ಕೆ ಯಾವುದು, ಮೈಗೆ ಯಾವುದು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಜೇವರ್ಗಿಯಿಂದ ಹೊರಟ ದಾರಿ

ಈಗ ದಾರಿಯ ಮಾತು. ಮೊದಲ ಮೆಟ್ಟಿಲು ಮನೆಯ ಬಾಗಿಲಲ್ಲೇ ಇದೆ: ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಕ್ಸಿಮಾದ ಹೆಸರೂ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ತಂಡ ಬರುವ ದಿನ ಯಾವುದೆಂದು ಅಂಗನವಾಡಿಯಲ್ಲಿ ಕೇಳಿಕೊಂಡು ಕೂಸನ್ನು ತೋರಿಸಿ. ಮೇಲಿನ ಆಸ್ಪತ್ರೆಗೆ ಕಳಿಸುವ ಚೀಟಿ ಅಲ್ಲಿಂದಲೇ ಸಿಗಬಹುದು.

ಎರಡನೆಯದು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಜೇವರ್ಗಿಯ ತಾಲ್ಲೂಕು ಆಸ್ಪತ್ರೆ. ತುರಿಕಜ್ಜಿಯೋ ಎಕ್ಸಿಮಾವೋ ಎಂಬ ಮೊದಲ ವಿಂಗಡಣೆ, ಸೋಂಕಿಗೆ ಔಷಧ, ತೂಕದ ದಾಖಲೆ ಇಲ್ಲಿ ಆಗಬೇಕು.

ಮೂರನೆಯದು ಭೀಮಾ ನದಿಯ ಸೇತುವೆ ದಾಟಿ ಸುಮಾರು 40 ಕಿಲೋಮೀಟರ್ ದೂರದ ಕಲಬುರಗಿ. ಅಲ್ಲಿ ಜನ ಜಿಮ್ಸ್ ಎಂದು ಕರೆಯುವ ಸರಕಾರಿ ವೈದ್ಯಕೀಯ ಸಂಸ್ಥೆ ಇದೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ. ಇನ್ನೂ ಕೆಲವು ವೈದ್ಯಕೀಯ ಕಾಲೇಜುಗಳಿವೆ. ಒಂದು ಸೂತ್ರ ನೆನಪಿಡಿ: ವೈದ್ಯಕೀಯ ಕಾಲೇಜು ಇದ್ದಲ್ಲಿ ಚರ್ಮರೋಗ ವಿಭಾಗವೂ ಮಕ್ಕಳ ವಿಭಾಗವೂ ಇರುತ್ತವೆ. ತೀವ್ರ ಎಕ್ಸಿಮಾದ ಕೂಸಿಗೆ ಈ ಎರಡೂ ವಿಭಾಗ ಬೇಕು. ಒಂದೇ ದಿನ ಎರಡನ್ನೂ ಕಂಡುಬರುವಂತೆ ಹೊರರೋಗಿ ದಿನಗಳನ್ನು ಮೊದಲೇ ವಿಚಾರಿಸಿದರೆ ಒಂದು ದಿನದ ಕೂಲಿ ಉಳಿಯುತ್ತದೆ.

ನಾಲ್ಕನೆಯದಾಗಿ, ಅದೇ ಹೆದ್ದಾರಿಯಲ್ಲಿ ಸಿಂದಗಿಯ ಮೇಲೆ ಪಶ್ಚಿಮಕ್ಕೆ ಹೋದರೆ ವಿಜಯಪುರ. ಅಲ್ಲಿನ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡುತ್ತಲೇ ಡಾ. ಅರುಣ ಇನಾಮದಾರ ಮತ್ತು ಡಾ. ಅಪರ್ಣಾ ಪಾಲಿತ್ ಅವರು ಮಕ್ಕಳ ಚರ್ಮರೋಗಗಳ ಬಗ್ಗೆ ದೇಶದ ವೈದ್ಯರು ಓದುವ ಗ್ರಂಥ ಮತ್ತು ಲೇಖನಗಳನ್ನು ಸಿದ್ಧಪಡಿಸಿದರು. ದೊಡ್ಡ ವಿದ್ಯೆ ದೊಡ್ಡ ನಗರದಲ್ಲೇ ಇರುತ್ತದೆ ಎಂಬ ನಂಬಿಕೆಗೆ ಇದು ಒಳ್ಳೆಯ ಉತ್ತರ. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಅದು ಮಕ್ಕಳಿಗಾಗಿಯೇ ಇರುವ ಸರಕಾರಿ ನೆರವಿನ ಆಸ್ಪತ್ರೆ. ಪೂರ್ವಕ್ಕೆ ಹೋದರೆ ಹೈದರಾಬಾದಿನಲ್ಲಿ 1953ರಲ್ಲಿ ತೆರೆದ ನಿಲೋಫರ್ ಮಕ್ಕಳ ಆಸ್ಪತ್ರೆ. 1956ಕ್ಕೆ ಮೊದಲು ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಜನ ಇಂದಿಗೂ ಚಿಕಿತ್ಸೆಗೆ ಆ ಕಡೆ ಹೊರಡುತ್ತಾರೆ.

ದೂರದ ವೈದ್ಯರನ್ನು ಮನೆಯಲ್ಲೇ ಕಾಣುವ ಏರ್ಪಾಡೂ ಇದೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಸೈಟ್ ಎಂಬ ಉಪಗ್ರಹ ಟೆಲಿವಿಷನ್ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳು. ವಿದ್ಯುತ್ತೇ ಅಪರೂಪವಾಗಿದ್ದ ಕಾಲದಲ್ಲಿ ಆರೋಗ್ಯ, ಬೇಸಾಯದ ಪಾಠಗಳು ಆಕಾಶದಿಂದ ನಮ್ಮ ಹಳ್ಳಿಗಳಿಗೆ ಇಳಿದವು. ಆದರೆ ಆಗ ಪೆಟ್ಟಿಗೆ ಮಾತಾಡುತ್ತಿತ್ತು, ನಾವು ಕೇಳುತ್ತಿದ್ದೆವು. ಇಂದು ನಾವು ಕೇಳಿದ್ದಕ್ಕೆ ಪರದೆಯ ಮೇಲಿನ ವೈದ್ಯರು ಉತ್ತರ ಕೊಡುತ್ತಾರೆ. ಕೇಂದ್ರ ಸರಕಾರದ ಇ-ಸಂಜೀವಿನಿ ಸೇವೆ 2019ರಲ್ಲಿ ಆರಂಭವಾಯಿತು. ಮೊಬೈಲಿನಿಂದ ನೇರವಾಗಿಯೂ ಆರೋಗ್ಯ ಕೇಂದ್ರದ ಮೂಲಕವೂ ಉಚಿತವಾಗಿ ವೈದ್ಯರ ಸಲಹೆ ಪಡೆಯಬಹುದು. ಚರ್ಮದ ರೋಗ ಕಣ್ಣಿಗೆ ಕಾಣುವಂಥದು, ಆದ್ದರಿಂದ ಇದಕ್ಕೆ ಈ ಸೇವೆ ಚೆನ್ನಾಗಿ ಒದಗುತ್ತದೆ. ಆದರೆ ಮೊದಲ ಸಲದ ಪೂರ್ಣ ತಪಾಸಣೆಗೆ ಕೂಸು ವೈದ್ಯರ ಕೈಯಲ್ಲೇ ಇರಬೇಕು.

ನಿಮ್ಮ ಪಾಲಿನ ಕೆಲಸ: ಒಂದು ನೋಟ್‌ಬುಕ್

ಬಸ್ಸಿನ ಖರ್ಚು, ಕೂಲಿಯ ನಷ್ಟ, ಸರತಿಯ ಸಾಲು ಎಲ್ಲ ದಾಟಿ ತಜ್ಞರ ಮುಂದೆ ಕೂತಾಗ ಸಿಗುವುದು ಕೆಲವೇ ನಿಮಿಷ. "ಯಾವಾಗಿನಿಂದ?" ಎಂದು ಕೇಳಿದರೆ ಅವ್ವ ಒಂದು ಹೇಳುತ್ತಾಳೆ, ಆಯಿ ಇನ್ನೊಂದು. ಹಳೆಯ ಚೀಟಿಗಳು ಮನೆಯಲ್ಲೇ ಉಳಿದಿರುತ್ತವೆ. ಈ ಕೆಲವು ನಿಮಿಷಗಳನ್ನು ಸಾರ್ಥಕ ಮಾಡುವುದು ನಿಮ್ಮ ಕೈಲಿದೆ. ಶಾಲೆಯ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಸಾಕು. ಹೀಗೆ ಬರೆಯಿರಿ.

ಗಂದೆ ಮೊದಲು ಕಂಡ ತಿಂಗಳು ಮತ್ತು ಜಾಗ. ಮನೆತನದಲ್ಲಿ ಯಾರಿಗಾದರೂ ಉಬ್ಬಸ, ಎಕ್ಸಿಮಾ, ಸದಾ ನೆಗಡಿ ಇದೆಯೇ? ಕೂಸಿನ ತೂಕ, ತಾಯಿ ಕಾರ್ಡಿನಲ್ಲಿರುವಂತೆ ತಿಂಗಳವಾರು. ಹಚ್ಚಿದ ಪ್ರತಿ ಮುಲಾಮಿನ ಹೆಸರು, ಎಷ್ಟು ದಿನ. ಖಾಲಿ ಟ್ಯೂಬುಗಳನ್ನೂ ಚೀಲಕ್ಕೆ ಹಾಕಿ. ತಿಂದ ಹೊಸ ಆಹಾರ, ಗಂಟೆ, ಆಮೇಲೆ ಕಂಡದ್ದು, ಅದು ಕಂಡ ಗಂಟೆ. ರಾತ್ರಿ ಎಷ್ಟು ಸಲ ಎದ್ದಿತು. ಹಗಲು ಬೆಳಕಿನಲ್ಲಿ ತೆಗೆದ ಫೋಟೋಗಳು, ದಿನಾಂಕದೊಡನೆ. ಏಕೆಂದರೆ ದವಾಖಾನೆಗೆ ಹೋದ ದಿನವೇ ಗಂದೆ ಕಡಿಮೆ ಇರುವುದುಂಟು!

ಹೊರಡುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನೂ ಬರೆದಿಟ್ಟುಕೊಳ್ಳಿ. ಈ ರೋಗದ ಹೆಸರೇನು? ಯಾವ ಮುಲಾಮು ಎಲ್ಲಿಗೆ, ಎಷ್ಟು ದಿನ? ಯಾವ ಆಹಾರ ನಿಜವಾಗಿ ಬಿಡಬೇಕು, ಅದರ ಬದಲು ಏನು ಕೊಡಬೇಕು? ಮತ್ತೆ ಕೆರಳಿದರೆ ಮೊದಲು ಏನು ಮಾಡಬೇಕು? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? "ಸಾಹೇಬರ, ಇದನ್ನ ಸ್ವಲ್ಪ ಬರದು ಕೊಡ್ರಿ" ಎಂದು ಕೇಳಲು ಸಂಕೋಚ ಬೇಡ. ಲಸಿಕೆಗಳ ಬಗ್ಗೆಯೂ ಕೇಳಿ. ಎಕ್ಸಿಮಾ ಇದೆ ಎಂದು ಲಸಿಕೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮನೆಯಲ್ಲಿ ನಡೆಯಬೇಕಾದದ್ದು

ತಜ್ಞರ ಔಷಧಕ್ಕಿಂತ ಹೆಚ್ಚು ದಿನ ನಡೆಯುವುದು ಮನೆಯ ಆರೈಕೆ. ಸುಡು ನೀರು ಬೇಡ, ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷದ ಸ್ನಾನ ಸಾಕು. ಕಡಲೆ ಹಿಟ್ಟು ಹಚ್ಚಿ ತಿಕ್ಕುವುದು, ಲೋಬಾನದ ಹೊಗೆ ಹಾಕುವುದು ಈ ಕೂಸಿಗೆ ಒಗ್ಗದು. ಮೈ ಒತ್ತಿ ಒರೆಸಿ, ಚರ್ಮ ಇನ್ನೂ ತೇವ ಇರುವಾಗಲೇ ಮೈತುಂಬ ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಅಥವಾ ವೈದ್ಯರು ಹೇಳಿದ ತೇವಾಂಶದ ಮುಲಾಮು ಹಚ್ಚಬೇಕು. ದಿನಕ್ಕೆ ಎರಡು ಸಲವಾದರೂ ಹಚ್ಚಬೇಕು. ವಾರಕ್ಕೆ ಸುಮಾರು 100 ಗ್ರಾಂ ಖರ್ಚಾದರೆ ಸರಿಯಾಗಿ ಹಚ್ಚುತ್ತಿದ್ದೀರಿ ಎಂದು ತಿಳಿಯಿರಿ. ಇದೇ ಗೋಡೆಗೆ ನಾವು ಬಳಿಯುವ ಗಾರೆ. ಒಂದು ಎಚ್ಚರ: ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಒಲೆ, ದೀಪದಿಂದ ಕೂಸನ್ನು ದೂರ ಇಡಿ.

ಉಗುರು ಕತ್ತರಿಸಿ. ಮೆತ್ತನೆಯ ಹತ್ತಿ ಬಟ್ಟೆ ತೊಡಿಸಿ. ತೊಗರಿ, ಜೋಳದ ರಾಶಿಯ ಧೂಳಿನ ದಿನಗಳಲ್ಲಿ ಕೂಸನ್ನು ಕಣದಿಂದ ದೂರ ಇಡಿ. ನಮ್ಮ ಕಡೆಯ ಬೇಸಿಗೆ 42 ಡಿಗ್ರಿ ದಾಟುತ್ತದೆ, ಬೆವರು ತುರಿಕೆಯನ್ನು ಕೆರಳಿಸುತ್ತದೆ. ಚಳಿಗಾಲದ ಒಣಗಾಳಿ ಚರ್ಮವನ್ನು ಬಿರುಕು ಬಿಡಿಸುತ್ತದೆ. ಎರಡೂ ಕಾಲಕ್ಕೆ ಆರೈಕೆ ಬೇರೆ ಬೇರೆ.

ಆಯಿಗೆ ಇದನ್ನು ಹೇಳುವುದು ಹೇಗೆ ಎಂಬುದೂ ಒಂದು ವಿದ್ಯೆ. "ಆಯಿ, ನೀ ಮಾಡೋದು ತಪ್ಪು" ಎಂದರೆ ಬಾಗಿಲು ಮುಚ್ಚಿತು. "ಆಯಿ, ನಿನ್ನ ಕೈಯಾಗ ಎಷ್ಟು ಕೂಸು ಬೆಳದಾವ! ಆದ್ರ ಈ ಕೂಸಿನ ಚರ್ಮ ಭಾಳ ನಾಜೂಕ ಐತಿ, ಹಿಟ್ಟು ಬ್ಯಾಡ, ಇದನ್ನ ನೀನ ಹಚ್ಚು" ಎಂದು ಡಬ್ಬಿ ಅವಳ ಕೈಗೆ ಕೊಡಿ. ಅವಳ ಕೈಗಿಂತ ನುರಿತ ಕೈ ಮನೆಯಲ್ಲಿ ಇನ್ನೊಂದಿಲ್ಲ.

ಕಾಯಬಾರದ ಹೊತ್ತು

ಎರಡು ಸಂದರ್ಭಗಳಲ್ಲಿ ನೋಟ್‌ಬುಕ್ ಬದಿಗಿಟ್ಟು ಓಡಬೇಕು. ತಿಂದ ಕೆಲವೇ ನಿಮಿಷಗಳಲ್ಲಿ ಮೈತುಂಬ ದದ್ದು ಎದ್ದು, ಜೊತೆಗೆ ಉಸಿರಾಟದಲ್ಲಿ ಸಿಳ್ಳೆ ಸದ್ದು, ಮತ್ತೆ ಮತ್ತೆ ವಾಂತಿ, ಕೂಸು ಬಿಳಿಚಿ ಜೋಲು ಬೀಳುವುದು ಇದ್ದರೆ ಅದು ತೀವ್ರ ಅಲರ್ಜಿಯ ಆಘಾತ. ಕೂಡಲೇ 108ಕ್ಕೆ ಕರೆಮಾಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ಯಿರಿ. ಇದರ ಮದ್ದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು. "ಕೂಸಿಗೆ ಆಹಾರದ ಅಲರ್ಜಿ ಇದೆ, ಇಂಥದ್ದು ತಿಂದ ಮೇಲೆ ಹೀಗಾಯಿತು" ಎಂಬ ಮಾತನ್ನು ಒಳಗೆ ಕಾಲಿಡುತ್ತಲೇ ಹೇಳಿ. ತುರಿಕೆಯ ಸಿರಪ್ ಕುಡಿಸಿ ಕಾಯುತ್ತ ಕೂಡಬೇಡಿ.

ಇನ್ನೊಂದು, ಜ್ವರದೊಡನೆ ಎಕ್ಸಿಮಾದ ಮೇಲೆ ಒಂದೇ ಅಳತೆಯ ನೀರುಗುಳ್ಳೆಗಳು ಎದ್ದು ಗುಂಡಗೆ ಒಡೆಯುವುದು. ಇದು ಹರ್ಪಿಸ್ ವೈರಸ್ಸಿನ ಸೋಂಕಾಗಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು. ತುಟಿಯ ಮೇಲೆ ಜ್ವರಗುಳ್ಳೆ ಎದ್ದವರು ಇಂಥ ಕೂಸಿಗೆ ಮುತ್ತಿಡಬಾರದು.

ಮಿತ್ರರೇ, ಎಕ್ಸಿಮಾ ಬಹಳಷ್ಟು ಮಕ್ಕಳಲ್ಲಿ ಬೆಳೆಯುತ್ತ ಬೆಳೆಯುತ್ತ ಇಳಿಯುತ್ತದೆ. ಹಾಲು, ಮೊಟ್ಟೆಯ ಅಲರ್ಜಿಯೂ ಅನೇಕರಲ್ಲಿ ಮಾಯವಾಗುತ್ತದೆ. ಅಲ್ಲಿಯವರೆಗೆ ಕೂಸು ಮತ್ತು ತಾಯಿ ಇಬ್ಬರೂ ನಿದ್ದೆಗೆಡದಂತೆ, ಹಸಿಯದಂತೆ ಕಾಯುವುದೇ ಚಿಕಿತ್ಸೆಯ ಗುರಿ. ತೀರ ಹಟಮಾರಿಯಾದ ಎಕ್ಸಿಮಾಕ್ಕೆ ಡುಪಿಲುಮ್ಯಾಬ್ ಎಂಬ ಹೊಸ ಚುಚ್ಚುಮದ್ದು ಬಂದಿದೆ. 2022ರಲ್ಲಿ ಅಮೆರಿಕ ಅದನ್ನು ಆರು ತಿಂಗಳ ಮೇಲಿನ ಮಕ್ಕಳಿಗೂ ಒಪ್ಪಿತು. ಬೆಲೆ ಮಾತ್ರ ಬಹಳ ದುಬಾರಿ.

ಕೊನೆಯದಾಗಿ ಒಂದು ಮಾತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 ಜೆ ವಿಧಿಯ ಫಲವಾಗಿ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ನೂರಕ್ಕೆ 70 ಸ್ಥಾನಗಳು ಮೀಸಲಾಗಿವೆ. ವೈದ್ಯಕೀಯ ಸ್ಥಾನಗಳೂ ಅದರಲ್ಲಿ ಸೇರಿವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬಿಬ್ಬರು ಮುಂದೆ ಮಕ್ಕಳ ವೈದ್ಯರಾಗಿ, ಚರ್ಮವೈದ್ಯರಾಗಿ ಜೇವರ್ಗಿಗೇ ಮರಳಿದರೆ ಮೇಲೆ ಹೇಳಿದ ದಾರಿ 40 ಕಿಲೋಮೀಟರಿನಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಇನ್ನೂ ಹತ್ತು ಹನ್ನೆರಡು ವರ್ಷ ಬೇಕು. ನೋಟ್‌ಬುಕ್ಕನ್ನು ಮಾತ್ರ ಇವತ್ತೇ ಶುರು ಮಾಡಬಹುದು.